ಕಡತವು ನಡುದಾರಿಯಲ್ಲಿ ನಿಂತಾಗ



ತಮ್ಮ ತೀರ್ಥರೂಪರ ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿಸಿ ಬಿಟ್‌ಟೊರೆಂಟಿನ ಮೂಲಕ ಹಂಚಿದಿರೆಂದೂ, ಪಡೆಯಹೊರಟವರೆಲ್ಲರಿಗೂ ಕಡತವು ಶೇಕಡಾ 97ರಲ್ಲಿ ನಿಂತುಹೋಯಿತೆಂದೂ ಬರೆದಿರುವಿರಿ. ದೋಷವು ಕಡತದ್ದಲ್ಲ. 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಕಡತವು ಯಾವುದೊಂದು ಕೇಂದ್ರ ಭಂಡಾರದಲ್ಲಿಯೂ ನೆಲಸದೆ, ತುಂಡುತುಂಡಾಗಿ ವಿಭಜಿತವಾಗಿ, ಅವನ್ನುಳ್ಳವರ ಗಣಕಗಳು ಜಾಲದಲ್ಲಿರುವಷ್ಟು ಹೊತ್ತು ಮಾತ್ರ ಲಭ್ಯವಾಗುವುದರಿಂದ, ಪೂರ್ಣಪ್ರತಿಯುಳ್ಳ ಏಕೈಕರಾದ ತಾವು ಯಂತ್ರವನ್ನು ಆರಿಸಿದೊಡನೆ, ಇನ್ನೂ ಯಾರಿಗೂ ತಲಪದಿದ್ದ ತುಂಡುಗಳು ಜಾಲದಿಂದಲೇ ಅಂತರ್ಧಾನಗೊಂಡವು. ವಿರಳವಾದ ತುಂಡನ್ನೇ ಮೊದಲು ತರಿಸಿಕೊಳ್ಳುವ ವಿವೇಕವು ತಂತ್ರಾಂಶಗಳಿಗಿದೆ. ಆದರೆ ಯಾರಲ್ಲಿಯೂ ಇಲ್ಲದುದನ್ನು ಅವು ಸೃಷ್ಟಿಸಲಾರವು.

ಆದಕಾರಣ ತಾವು ಮತ್ತೆ ಸೀಡ್ ಮಾಡಲು, ಎಂದರೆ ಪೂರ್ಣಪ್ರತಿಯನ್ನು ಜಾಲದಲ್ಲಿರಿಸಿ ಹಂಚಲು, ಆರಂಭಿಸಿ, ಬೇರೆಬೇರೆ ಊರುಗಳ ಮೂವರು ನಾಲ್ವರಾದರೂ ಪೂರ್ಣಪ್ರತಿಯನ್ನು ಪಡೆದು ಹಂಚತೊಡಗುವವರೆಗೆ ವಿರಮಿಸದಿರಿ. ಅವರಲ್ಲೊಬ್ಬರ ಗಣಕವಾದರೂ ಹಗಲಿರುಳು ನಡೆಯುವಂಥದಾಗಿರಲಿ. ಆರಂಭದಲ್ಲಿ ಸೂಪರ್ ಸೀಡಿಂಗ್ ವಿಧಾನವನ್ನು ಆರಿಸಿಕೊಂಡರೆ ಒಂದೇ ತುಂಡು ವೃಥಾ ಪುನಃಪುನಃ ರವಾನೆಯಾಗುವುದು ತಪ್ಪುವುದು. ಹಂಚಿದ ಪ್ರತಿಯನ್ನು ಮಾತ್ರ ತಿದ್ದದಿರಿ. ಒಂದು ಪುಟ ಬದಲಾದರೂ ಆ ತುಂಡಿನ ಹ್ಯಾಶ್ ಎಂಬ ತಾಳೆಗುರುತು ಹೊಂದದೆ ಅದು ತಿರಸ್ಕೃತವಾಗುವುದು.

ಇಷ್ಟಾದರೂ, ತಂತಮಗೆ ಬೇಕಾದುದು ದೊರೆತೊಡನೆ ತೆರಳುವವರೇ ಬಹಳವಿರುವಲ್ಲಿ, ಪಿತೃಸಂಪತ್ತಿನ ರಕ್ಷಣೆಗೆ ಈ ಜಾಲವೊಂದನ್ನೇ ನೆಚ್ಚುವುದು ನನಗೆ ಸಮ್ಮತವಲ್ಲ. ಕಡತವನ್ನು ಇಂಟರ್ನೆಟ್ ಆರ್ಕೈವ್ ಎಂಬ ಜಾಲ ಗ್ರಂಥಾಲಯಕ್ಕೂ ಏರಿಸಿರಿ. ಅದು ಸಾಮಾನ್ಯವಾಗಿ ತಾನೇ ಟೊರೆಂಟನ್ನು ರಚಿಸಿ, ತನ್ನ ಸರ್ವರುಗಳಿಂದಲೂ ತುಂಡುಗಳನ್ನು ಒದಗಿಸುವುದು. ಮೂಲ ಚಿತ್ರಗಳ ಒಂದು ಪ್ರತಿಯು ಬೇರೊಂದು ಹಾರ್ಡ್ ಡಿಸ್ಕಿನಲ್ಲಿ, ಬೇರೊಂದು ಮನೆಯಲ್ಲಿರಲಿ.