ಲಿನಕ್ಸ್ ಸರ್ವರ್‌ನಲ್ಲಿ ಕರ್ನಲ್ ಮೂಲ ಮತ್ತು ಹೊರ ಮಾಡ್ಯೂಲ್‌ಗಳ ನಿರ್ವಹಣೆ

ಪರವಾನಗಿ ಶುಲ್ಕವಿಲ್ಲವೆಂಬ ಕಾರಣದಿಂದ ಅನೇಕ ಸಣ್ಣ ಉದ್ದಿಮೆಗಳು ಹಾಗೂ ವ್ಯಾಪಾರ ಸಂಸ್ಥೆಗಳು ಲೆಕ್ಕಪತ್ರಗಳನ್ನಿರಿಸುವ ಸರ್ವರ್‌ನಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುತ್ತಿವೆ. ಶುಲ್ಕ ಇಲ್ಲವೆಂದ ಮಾತ್ರಕ್ಕೆ ಹೊಣೆಯೂ ಇಲ್ಲವೆಂದು ಭಾವಿಸುವುದು ಸರಿಯಲ್ಲ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಸಂಸ್ಥೆಯೊಂದರ ಸರ್ವರ್‌ಗೆ 19ನೇ ತಾರೀಖಿನ ರಾತ್ರಿ ಹೊಸ ಕರ್ನಲ್ ಸ್ಥಾಪನೆಯಾಗುತ್ತದೆ. ಮರುದಿನ ಗಣಕವನ್ನು ಚಾಲೂ ಮಾಡಿದಾಗ ಲೆಕ್ಕದ ಡಿಸ್ಕ್‌ಗಳನ್ನು ನಿಯಂತ್ರಿಸುವ ಕಾರ್ಡ್ ಗುರುತಿಗೆ ಬರುವುದಿಲ್ಲ, ಕಡತಗಳು ತೆರೆಯುವುದಿಲ್ಲ. ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ 20ನೇ ತಾರೀಖೇ ಗಡುವು. ತಡವಾದರೆ ತೆರಿಗೆ ಬಾಕಿಯಿದ್ದವರಿಗೆ ದಿನಕ್ಕೆ ರೂ. 50 ವಿಳಂಬ ಶುಲ್ಕ, ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಇಲ್ಲಿ ಡಿಸ್ಕ್ ಕೆಟ್ಟಿಲ್ಲ, ಲೆಕ್ಕವೂ ಅಳಿಸಿಲ್ಲ. ತಪ್ಪಿರುವುದು ಕರ್ನಲ್ ಮತ್ತು ಮಾಡ್ಯೂಲ್‌ಗಳ ನಡುವಣ ಹೊಂದಾಣಿಕೆ ಮಾತ್ರ.

ಕರ್ನಲ್ ಮತ್ತು ಮಾಡ್ಯೂಲ್

ಲಿನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಹೊರತಂದ ಲಿನಕ್ಸ್ ಕರ್ನಲ್, ಯಂತ್ರಭಾಗಗಳಿಗೂ ಅನ್ವಯ ತಂತ್ರಾಂಶಗಳಿಗೂ ಮಧ್ಯೆ ನಿಂತು ಕೆಲಸ ಮಾಡುವ ತಿರುಳು. ಡಿಸ್ಕ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಮುಂತಾದವುಗಳನ್ನು ನಡೆಸುವ ತಂತ್ರಾಂಶವನ್ನು ಅಗತ್ಯ ಬಿದ್ದಾಗ ಕರ್ನಲ್‌ಗೆ ಸೇರಿಸಿಕೊಳ್ಳಲು ಬರುತ್ತದೆ. ಹೀಗೆ ಸೇರುವ ತುಣುಕೇ ಮಾಡ್ಯೂಲ್.

ಮಾಡ್ಯೂಲ್‌ಗಳಲ್ಲಿ ಎರಡು ಬಗೆ. ಕರ್ನಲ್‌ನ ಮೂಲ ಸಂಕೇತದ ಜೊತೆಯಲ್ಲೇ ಬರುವವು ಒಳ ಮಾಡ್ಯೂಲ್‌ಗಳು. ಕರ್ನಲ್ ಬದಲಾದಾಗ ಇವೂ ಅದರೊಂದಿಗೆ ಬದಲಾಗುತ್ತವೆ. ಕಾರ್ಡ್ ತಯಾರಕರು ಅಥವಾ ಅನ್ಯರು ಪ್ರತ್ಯೇಕವಾಗಿ ಒದಗಿಸುವವು ಹೊರ ಮಾಡ್ಯೂಲ್‌ಗಳು. ಇವುಗಳ ಹೊಣೆ ಬಳಸುವವರದ್ದೇ.

ಹೊಂದಾಣಿಕೆ ತಪ್ಪಲು ಕಾರಣ

ಲಿನಕ್ಸ್ ಅಭಿವೃದ್ಧಿಕಾರರು ಅನ್ವಯ ತಂತ್ರಾಂಶಗಳಿಗೆ ಕೊಟ್ಟಿರುವ ಸಂಪರ್ಕ ವಿಧಾನವನ್ನು ಕೆಡಿಸದಂತೆ ಕಟ್ಟೆಚ್ಚರ ವಹಿಸುತ್ತಾರೆ. ಆದ್ದರಿಂದಲೇ ಹಳೆಯ ಲೆಕ್ಕದ ತಂತ್ರಾಂಶ ಹೊಸ ಕರ್ನಲ್‌ನ ಮೇಲೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಕರ್ನಲ್‌ನ ಒಳಗಿನ ಸಂಪರ್ಕ ವಿಧಾನಗಳಿಗೆ ಇಂತಹ ಭರವಸೆ ಇಲ್ಲ. ಸುಧಾರಣೆಗಾಗಿ ಅವುಗಳನ್ನು ಯಾವಾಗ ಬೇಕಾದರೂ ಬದಲಿಸಲಾಗುತ್ತದೆ. ಹೊರ ಮಾಡ್ಯೂಲ್ ಈ ಒಳ ವಿಧಾನಗಳನ್ನೇ ನಂಬಿರುವುದರಿಂದ, ಯಾವ ಆವೃತ್ತಿಗೆ ಕಂಪೈಲ್ ಆಗಿದೆಯೋ ಆ ಆವೃತ್ತಿಗೇ ಬಹುಮಟ್ಟಿಗೆ ಬದ್ಧವಾಗಿರುತ್ತದೆ.

ಸೆಂಟ್‌ಒಎಸ್ 7 ಇದಕ್ಕೆ ನಿದರ್ಶನ. ಅದರ ಬೆಂಬಲ 2024ರ ಜೂನ್ 30ರಂದು ಮುಕ್ತಾಯವಾಯಿತು. ಅದರಲ್ಲಿದ್ದುದು 3.10 ಕರ್ನಲ್. ಬದಲಿಯಾಗಿ ಆಲ್ಮಾಲಿನಕ್ಸ್ 9 ಅಥವಾ ರಾಕಿ ಲಿನಕ್ಸ್ 9 ಅಳವಡಿಸಿಕೊಂಡವರಿಗೆ ದೊರೆತದ್ದು 5.14 ಕರ್ನಲ್. 3.10ಕ್ಕಾಗಿ ಸಿದ್ಧಪಡಿಸಿದ ಮಾಡ್ಯೂಲ್ ಇಲ್ಲಿ ನಡೆಯುವುದಿಲ್ಲ. ಮೂಲ ಸಂಕೇತ ಕೈಯಲ್ಲಿದ್ದರೂ ಅದನ್ನು ತಿದ್ದಬೇಕಾಗಿ ಬರಬಹುದು. ಮೂಲವೇ ಇಲ್ಲದಿದ್ದರೆ ಕಾರ್ಡನ್ನೇ ಬದಲಿಸಬೇಕಾಗುತ್ತದೆ.

ಅನುಸರಿಸಬೇಕಾದ ಕ್ರಮ

1. ಖರೀದಿಗೆ ಮುಂಚೆ ವಿಚಾರಿಸುವುದು: ಕಾರ್ಡಿಗೆ ಒಳ ಮಾಡ್ಯೂಲ್ ಇದೆಯೇ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ತಿಳಿಯತಕ್ಕದ್ದು. ಅಗ್ಗದ ಕಾರ್ಡಿಗೆ ಹೊರ ಮಾಡ್ಯೂಲ್ ಬೇಕಾದರೆ ಅದರ ನಿರ್ವಹಣಾ ವೆಚ್ಚವನ್ನೂ ಬೆಲೆಗೆ ಸೇರಿಸಿ ನೋಡಬೇಕು.

2. ದಾಖಲೆ ಇರಿಸುವುದು: ಕರ್ನಲ್ ಆವೃತ್ತಿ, ಪ್ರತಿ ಹೊರ ಮಾಡ್ಯೂಲ್‌ನ ಹೆಸರು, ಆವೃತ್ತಿ, ಮೂಲ ಸಂಕೇತ ಇರುವ ಸ್ಥಳ ಹಾಗೂ ಸ್ಥಾಪಿಸಿದ ದಿನಾಂಕವನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಮೂಲವಿಲ್ಲದ ಮಾಡ್ಯೂಲ್ ವೋಚರ್ ಇಲ್ಲದ ಖರ್ಚಿನಂತೆ. ಪ್ರಶ್ನೆ ಬಂದ ದಿನ ಉತ್ತರವಿರುವುದಿಲ್ಲ.

3. ಸರಿಯಾದ ಪ್ಯಾಕೇಜ್ ಆರಿಸುವುದು: ಹೊರ ಮಾಡ್ಯೂಲ್ ಕಂಪೈಲ್ ಮಾಡಲು ಸಾಮಾನ್ಯವಾಗಿ ಕರ್ನಲ್‌ನ ಸಂಪೂರ್ಣ ಮೂಲ ಬೇಕಿಲ್ಲ, ಚಾಲ್ತಿಯಲ್ಲಿರುವ ಆವೃತ್ತಿಗೇ ಸೇರಿದ ಹೆಡರ್ ಕಡತಗಳು ಸಾಕು. ಡೆಬಿಯನ್ ಹಾಗೂ ಉಬುಂಟುವಿನಲ್ಲಿ ಇವು 'ಲಿನಕ್ಸ್-ಹೆಡರ್ಸ್' ಪ್ಯಾಕೇಜಿನಲ್ಲಿರುತ್ತವೆ. ರೆಡ್ ಹ್ಯಾಟ್ ಬಳಗದಲ್ಲಿ ಬೇಕಾದುದು 'ಕರ್ನಲ್-ಡೆವೆಲ್'. ಅಲ್ಲಿ 'ಕರ್ನಲ್-ಹೆಡರ್ಸ್' ಎಂಬ ಪ್ಯಾಕೇಜ್ ಇದ್ದರೂ ಅದು ಅನ್ವಯ ತಂತ್ರಾಂಶಗಳಿಗೆ ಮೀಸಲಾದುದು. ಹೆಸರು ನೋಡಿ ಮೋಸಹೋಗಬಾರದು.

4. ಮರು ಕಂಪೈಲ್ ವ್ಯವಸ್ಥೆ: ಡೆಲ್ ಸಂಸ್ಥೆ ರೂಪಿಸಿದ ಡಿಕೆಎಂಎಸ್ ಎಂಬ ಸಾಧನ, ಹೊಸ ಕರ್ನಲ್ ಬಂದಾಗ ನೋಂದಾಯಿತ ಹೊರ ಮಾಡ್ಯೂಲ್‌ಗಳನ್ನು ತಾನಾಗಿಯೇ ಮತ್ತೆ ಕಂಪೈಲ್ ಮಾಡುತ್ತದೆ. ಆದರೆ ಒಳ ವಿಧಾನವೇ ಬದಲಾಗಿದ್ದರೆ ಕಂಪೈಲ್ ವಿಫಲವಾಗುತ್ತದೆ. ಫಲಿತಾಂಶವನ್ನು ನೋಡದೆ ಗಣಕವನ್ನು ಮರುಚಾಲನೆ ಮಾಡಬಾರದು.

5. ಸಹಿ ಮತ್ತು ಆರಂಭಿಕ ಕಡತ: ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದರೆ, ಅಂಗೀಕೃತ ಕೀಲಿಯಿಂದ ಸಹಿಯಾಗದ ಮಾಡ್ಯೂಲ್ ಅನ್ನು ಕರ್ನಲ್ ಸಾಮಾನ್ಯವಾಗಿ ತಿರಸ್ಕರಿಸುತ್ತದೆ. ಸಂಸ್ಥೆಯದೇ ಕೀಲಿಯನ್ನು ಮೊದಲ ಬಾರಿ ನೋಂದಾಯಿಸುವಾಗ, ಗಣಕ ಆರಂಭವಾಗುವ ಹಂತದಲ್ಲಿ ಪರದೆಯ ಮುಂದೆ ಒಪ್ಪಿಗೆ ಕೊಡಬೇಕಾಗುತ್ತದೆ. ಕಾರ್ಯಾಚರಣ ವ್ಯವಸ್ಥೆ ಇರುವ ಡಿಸ್ಕ್‌ಗೇ ಹೊರ ಮಾಡ್ಯೂಲ್ ಬೇಕಿದ್ದರೆ, ಅದನ್ನು ಇನಿಟ್‌ರಾಮ್‌ಎಫ್‌ಎಸ್ ಎಂಬ ಆರಂಭಿಕ ಕಡತಕ್ಕೂ ಸೇರಿಸತಕ್ಕದ್ದು.

6. ಹಳೆಯದನ್ನು ಉಳಿಸಿಕೊಳ್ಳುವುದು: ಹೊಸ ಕರ್ನಲ್ ಕೆಲವು ದಿನ ಸರಿಯಾಗಿ ನಡೆಯುವವರೆಗೆ ಹಳೆಯ ಕರ್ನಲ್ಲನ್ನೂ ಅದರ ಮಾಡ್ಯೂಲ್‌ಗಳನ್ನೂ ತೆಗೆಯಬಾರದು. ಆರಂಭದ ಪಟ್ಟಿಯಲ್ಲಿ ಹಳೆಯದನ್ನು ಆರಿಸಿದರೆ ಮೇಲಿನ ಉದಾಹರಣೆಯ ಸಂಸ್ಥೆ ಅಂದೇ ವಿವರಣ ಪತ್ರ ಸಲ್ಲಿಸಬಹುದು. ಕರ್ನಲ್ ಬದಲಾವಣೆಯನ್ನು ಗಡುವಿನ ವಾರದಲ್ಲಿ ಕೈಗೊಳ್ಳದಿರುವುದು ಲೇಸು. ಆದರೆ ಭದ್ರತಾ ತಿದ್ದುಪಡಿಗಳನ್ನು ತಿಂಗಳುಗಟ್ಟಲೆ ಮುಂದೂಡುವುದೂ ಅಪಾಯಕರ.

ಯಂತ್ರ ತಯಾರಕರು ಗಮನಿಸಬೇಕಾದುದು

ತಾವು ಮಾರುವ ತೂಕದ ಯಂತ್ರ, ನಿಯಂತ್ರಣ ಫಲಕ ಇತ್ಯಾದಿಗಳಲ್ಲಿ ಲಿನಕ್ಸ್ ಅಳವಡಿಸುವ ತಯಾರಕರಿಗೆ ಹೆಚ್ಚಿನ ಹೊಣೆಯಿದೆ. ಕರ್ನಲ್ ಜಿಪಿಎಲ್ ಪರವಾನಗಿಯ 2ನೇ ಆವೃತ್ತಿಗೆ ಒಳಪಟ್ಟಿದೆ. ಯಂತ್ರದಲ್ಲಿರುವ ಕರ್ನಲ್‌ಗೆ ಅನುರೂಪವಾದ ಮೂಲ ಸಂಕೇತವನ್ನು, ಕಂಪೈಲ್ ಮಾಡುವ ಲಿಪಿಗಳ ಸಹಿತ, ಯಂತ್ರದೊಂದಿಗೇ ಕೊಡಬೇಕು; ಇಲ್ಲವೇ ಕನಿಷ್ಠ 3 ವರ್ಷ ಊರ್ಜಿತವಿರುವ ಲಿಖಿತ ಕೊಡುಗೆಯನ್ನು ನೀಡಬೇಕು. 2004ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯವು ಕರ್ನಲ್ ಅಭಿವೃದ್ಧಿಕಾರ ಹರಾಲ್ಡ್ ವೆಲ್ಟೆ ಅವರ ಅರ್ಜಿಯ ಮೇಲೆ, ಈ ಷರತ್ತನ್ನು ಪಾಲಿಸದ ನೆಟ್‌ವರ್ಕ್ ಉಪಕರಣವೊಂದರ ವಿತರಣೆಗೆ ತಡೆಯಾಜ್ಞೆ ನೀಡಿತು. ಆದ್ದರಿಂದ ಪ್ರತಿ ತಂಡದ ಸರಕಿನೊಂದಿಗೆ ಹೊರಬಿದ್ದ ಮೂಲ ಸಂಕೇತದ ಪ್ರತಿಯನ್ನು ತಂಡದ ಸಂಖ್ಯೆಯ ಸಮೇತ ಕಾಪಿಡತಕ್ಕದ್ದು.

ಲೆಕ್ಕಪುಸ್ತಕಗಳನ್ನು ಕಂಪನಿಗಳು ಕನಿಷ್ಠ 8 ವರ್ಷ, ಜಿಎಸ್‌ಟಿ ನೋಂದಾಯಿತರು ಆಯಾ ವರ್ಷದ ವಾರ್ಷಿಕ ವಿವರಣ ಪತ್ರದ ಗಡುವಿನಿಂದ 72 ತಿಂಗಳು ಕಾಪಾಡಬೇಕೆಂಬುದು ಕಾನೂನು. ಇಷ್ಟು ಕಾಲದಲ್ಲಿ ಕರ್ನಲ್ ಹಲವು ಬಾರಿ ಬದಲಾಗುವುದು ಖಚಿತ. ಲೆಕ್ಕವನ್ನು ಕಾಪಾಡುವುದೆಂದರೆ ಅದನ್ನು ತೆರೆದು ತೋರಿಸುವ ವ್ಯವಸ್ಥೆಯನ್ನೂ ಕಾಪಾಡುವುದೆಂದು ಉದ್ಯಮಿಗಳು ಗ್ರಹಿಸುವುದು ಹಿತಕರ.