ಹುಣಸೂರಿಗೆ, ಹುಣಸೂರಿಂದ, ಹುಣಸೂರಲ್ಲಿ: ಕನ್ನಡದ ದಾರಿಯಲ್ಲಿ ರಷ್ಯನ್ ವಿಭಕ್ತಿ

ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಮಾತನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಒಬ್ಬರು ಹುಣಸೂರಿಗೆ ಹೋಗಬೇಕು, ಇನ್ನೊಬ್ಬರು ಹುಣಸೂರಿಂದ ಬಂದಿದ್ದಾರೆ, ಮತ್ತೊಬ್ಬರ ಮನೆ ಹುಣಸೂರಲ್ಲಿದೆ. ಊರಿನ ಹೆಸರು ಒಂದೇ. ಹೋಗುವುದೋ, ಬಂದದ್ದೋ, ಇರುವುದೋ ಎನ್ನುವುದನ್ನು ಕೊನೆಯ ತುಣುಕು ಹೇಳಿಬಿಡುತ್ತದೆ. ಶಾಲೆಯಲ್ಲಿ ಇದನ್ನೇ ವಿಭಕ್ತಿ ಪ್ರತ್ಯಯ ಎಂದು ಬಾಯಿಪಾಠ ಮಾಡಿದ್ದೆವು. ರಷ್ಯನ್ ಕಲಿಯಲು ಹೊರಟವರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವುದೂ ಇದೇ ವಿಭಕ್ತಿ.

ವೈದ್ಯಕೀಯ ಓದಲು ರಷ್ಯಾಕ್ಕೆ ಹೋಗುವ ಕರ್ನಾಟಕದ ಮಕ್ಕಳಿಗೆ ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು. ಆದರೆ ವಾರ್ಡಿನ ಮಂಚದ ಮೇಲೆ ಮಲಗಿದ ಅಜ್ಜಿ ತನ್ನ ನೋವನ್ನು ಹೇಳಿಕೊಳ್ಳುವುದು ರಷ್ಯನ್ನಿನಲ್ಲೇ. ಹಾಗೆ ಹೊರಟ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು: "ಸಾರ್, ಅಕ್ಷರ ಬಂತು, ನಮಸ್ಕಾರ ಗಿಮಸ್ಕಾರನೂ ಬಂತು. ಈ ಆರು ಕೇಸ್ ಮಾತ್ರ ತಲೆಗೆ ಹತ್ತುತ್ತಿಲ್ಲ." ಅವಳ ಕೈಯಲ್ಲಿದ್ದದ್ದು ಇಂಗ್ಲಿಷರಿಗಾಗಿ ಬರೆದ ಪುಸ್ತಕ. ಇಂಗ್ಲಿಷಿನಲ್ಲಿ ನಾಮಪದದ ವಿಭಕ್ತಿ ಹೆಚ್ಚುಕಡಿಮೆ ಸವೆದುಹೋಗಿದೆ. ಹಾಗಾಗಿ ಅಂಥ ಪುಸ್ತಕ ವಿಭಕ್ತಿ ಅಂದರೇನು ಎಂಬಲ್ಲಿಂದ ಶುರುಮಾಡುತ್ತದೆ. ಕನ್ನಡದ ಮಗುವಿಗೆ ಆ ಪಾಠ ಬೇಕಿಲ್ಲ, ಅದು ಬಾಯಲ್ಲೇ ಇದೆ. ನಮಗೆ ಬೇಕಾದದ್ದು ಎರಡೇ: ಎಲ್ಲಿ ಕನ್ನಡವನ್ನು ನಂಬಬಹುದು, ಎಲ್ಲಿ ನಂಬಿದರೆ ಕೆಡುತ್ತೇವೆ.

ಒಂದು ಸೂಚನೆ. ರಷ್ಯನ್ ಪದಗಳನ್ನು ಇಲ್ಲಿ ಕಿವಿಗೆ ಕೇಳುವಂತೆ ಕನ್ನಡದಲ್ಲಿ ಬರೆದಿದ್ದೇನೆ. ದೀರ್ಘ ಇರುವ ಕಡೆ ಒತ್ತು ಕೊಡಿ. ಒತ್ತು ಬೀಳದ 'ಒ' ರಷ್ಯನ್ ಬಾಯಲ್ಲಿ 'ಅ' ಆಗುತ್ತದೆ. ನಮ್ಮ 'ಹ' ಅವರಲ್ಲಿಲ್ಲ, ಗಂಟಲಿನ 'ಖ' ಇದೆ. ಹಾಗಾಗಿ ಹುಣಸೂರು ಅಲ್ಲಿ 'ಖುನ್ಸೂರ್'. ಅವರ 33 ಅಕ್ಷರ ಕಲಿಯದೆ ವಿಭಕ್ತಿಗೆ ಕೈಹಾಕಬೇಡಿ. ಒಂದು ವಾರ ಮನಸ್ಸಿಟ್ಟರೆ ಅಕ್ಷರ ಬರುತ್ತದೆ.

ಮೊದಲು ಪ್ರಶ್ನೆಗಳು

ಪುಸ್ತಕದ ಕೋಷ್ಟಕವನ್ನು ಸದ್ಯಕ್ಕೆ ಮುಚ್ಚಿಡಿ. ರಷ್ಯಾದ ಶಾಲಾಮಕ್ಕಳು ಪ್ರಶ್ನೆ ಹಾಕಿ ವಿಭಕ್ತಿ ಗುರುತಿಸುತ್ತಾರೆ, ನೀವೂ ಹಾಗೇ ಮಾಡಿ. ಯಾರು ಅಂದರೆ 'ಕ್ತೋ'. ಯಾರ? 'ಕವೋ'. ಯಾರಿಗೆ? 'ಕಮೂ'. ಯಾರನ್ನು? ಮತ್ತೆ 'ಕವೋ'. ಯಾರಿಂದ ಆಯಿತು? 'ಕ್ಯೆಮ್'. ಯಾರ ಬಗ್ಗೆ? 'ಅ ಕೋಮ್'. ಈ ಆರು ಪ್ರಶ್ನೆಗಳೇ ಆರು ವಿಭಕ್ತಿ: ಕ್ರಮವಾಗಿ ಪ್ರಥಮೆ, ಷಷ್ಠಿ, ಚತುರ್ಥಿ, ದ್ವಿತೀಯೆ, ತೃತೀಯೆ, ಸಪ್ತಮಿ. ನಮ್ಮ ಪಂಚಮಿಗೆ ಅವರಲ್ಲಿ ಬೇರೆ ರೂಪವಿಲ್ಲ, ಅದರ ಕೆಲಸವನ್ನು ಷಷ್ಠಿ ಮಾಡುತ್ತದೆ. ಸಪ್ತಮಿಯ ಮುಂದೆ ಯಾವಾಗಲೂ ಒಂದು ಪುಟ್ಟ ಪದ ಬರುತ್ತದೆ.

ಊರಿನ ಹೆಸರಿನ ಕೊನೆ ನೋಡಿ

ಕನ್ನಡದಲ್ಲಿ ಹುಣಸೂರಿಗೆ ಅನ್ನುತ್ತೇವೆ, ಪಿರಿಯಾಪಟ್ಟಣಕ್ಕೆ ಅನ್ನುತ್ತೇವೆ, ಕೋಟೆಗೆ ಅನ್ನುತ್ತೇವೆ. ಅರ್ಥ ಒಂದೇ ಆದರೂ ಪದ ಮುಗಿಯುವ ರೀತಿ ನೋಡಿ ಪ್ರತ್ಯಯ ರೂಪ ಬದಲಿಸುತ್ತದೆ. ರಷ್ಯನ್ನಿನ ಗುಟ್ಟೂ ಇದೇ, ಆದರೆ ಅಲ್ಲಿ ಪದದ ಕೊನೆ ಲಿಂಗವನ್ನೂ ತೀರ್ಮಾನಿಸುತ್ತದೆ. ನಮಗೆ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮೇಜು ಪುಸ್ತಕ ಎಲ್ಲ ನಪುಂಸಕ. ಅಲ್ಲಿ ವ್ಯಂಜನದಲ್ಲಿ ಮುಗಿದರೆ ಸಾಮಾನ್ಯವಾಗಿ ಪುಲ್ಲಿಂಗ, 'ಅ' ಅಥವಾ 'ಯ' ಕೊನೆಗಿದ್ದರೆ ಸ್ತ್ರೀಲಿಂಗ, 'ಒ' ಅಥವಾ 'ಎ' ಇದ್ದರೆ ನಪುಂಸಕ. ಮೇಜು (ಸ್ತೋಲ್) ಗಂಡು, ಪುಸ್ತಕ (ಕ್ನೀಗ) ಹೆಣ್ಣು.

ಈಗ ಮೈಸೂರು ಜಿಲ್ಲೆಯ ನಮ್ಮ ನಾಲ್ಕು ತಾಲ್ಲೂಕುಗಳ ಹೆಸರನ್ನು ಅವರ ಲಿಪಿಗೆ ಹಾಕಿ ನೋಡೋಣ. 'ಖುನ್ಸೂರ್' ಪುಲ್ಲಿಂಗ. 'ಪಿರಿಯಾಪಾತ್ನ' ಸ್ತ್ರೀಲಿಂಗ. ಕೆ.ಆರ್. ನಗರವನ್ನು 'ನಗಾರ್' ಎಂದು ಬರೆದರೆ ಪುಲ್ಲಿಂಗ. ಕೃಷ್ಣರಾಜನಗರ ಎಂದು 'ಅ'ಕಾರದಲ್ಲಿ ಮುಗಿಸಿದರೆ ಅದೇ ಊರು ಸ್ತ್ರೀಲಿಂಗ! ಎಚ್.ಡಿ. ಕೋಟೆಯ 'ಕೋತೆ'ಗೆ ಮಾತ್ರ ಯಾವ ವಿಭಕ್ತಿಯೂ ಅಂಟದು, ಏಕೆಂದರೆ 'ಎ', 'ಇ', 'ಉ'ಗಳಲ್ಲಿ ಮುಗಿಯುವ ಪರದೇಶದ ಊರ ಹೆಸರನ್ನು ರಷ್ಯನ್ನರು ಬಾಗಿಸುವುದಿಲ್ಲ. ಹೀಗಾಗಿ ಹಳೆಯ 'ಮಾಯ್ಸೂರ್' ಎಂಬ ಹೆಸರಿಗೆ ಪ್ರತ್ಯಯ ಹತ್ತುತ್ತಿತ್ತು. 2014ರ ನವೆಂಬರ್ 1ರಿಂದ ಅಧಿಕೃತವಾದ 'ಮೈಸೂರು' ಎಂಬ ರೂಪವನ್ನು ಇದ್ದಂತೆಯೇ ಬರೆದರೆ ಹತ್ತುವುದಿಲ್ಲ.

ನಮ್ಮ ಊರುಗಳಿಗೆ ರಷ್ಯನ್ ಪ್ರತ್ಯಯ ಹತ್ತಿದ್ದು ಹೊಸದೇನಲ್ಲ. 15ನೇ ಶತಮಾನದಲ್ಲಿ, 1469ರ ಆಸುಪಾಸಿನಲ್ಲಿ, ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿ ಬಹಮನಿ ಸುಲ್ತಾನರ ಬೀದರಿಗೆ ಬಂದಿದ್ದ. ಅವನು ಬರೆದಿಟ್ಟ ಪ್ರವಾಸದ ಟಿಪ್ಪಣಿಯಲ್ಲಿ ಬೀದರಿನ ಹೆಸರೂ ಅವನ ಭಾಷೆಯ ವಿಭಕ್ತಿಗೆ ಬಾಗಿದೆ.

ಹೋಗುವುದು, ಇರುವುದು, ಬರುವುದು

ಕನ್ನಡಿಗರು ಮೊದಲು ಎಡವುವುದು ಇಲ್ಲಿ. 'ಹುಣಸೂರಲ್ಲಿ ಇದ್ದೇನೆ' ಎನ್ನಲು ಸಪ್ತಮಿ: 'ಯಾ ವ್ ಖುನ್ಸೂರ್ಯೆ'. (ಬೇಗ ಹೇಳಿದಾಗ ಆ 'ವ್' 'ಫ್' ಆಗಿ ಕೇಳುತ್ತದೆ.) ಇದು ಸಲೀಸು. ಆದರೆ 'ಹುಣಸೂರಿಗೆ ಹೋಗುತ್ತಿದ್ದೇನೆ' ಎಂಬಲ್ಲಿ ನಮ್ಮ ನಾಲಗೆ ಚತುರ್ಥಿಗೆ ಓಡುತ್ತದೆ. ತಡೆಯಿರಿ. ಊರಿಗೆ ಹೋಗುವಾಗ ರಷ್ಯನ್ನಿನಲ್ಲಿ ದ್ವಿತೀಯೆ: 'ಯಾ ಯೇದು ವ್ ಖುನ್ಸೂರ್', 'ಯಾ ಯೇದು ವ್ ಪಿರಿಯಾಪಾತ್ನು'. ಎರಡಕ್ಕೂ ಮುಂದಿರುವ ಪದ 'ವ್' ಒಂದೇ. 'ಪಿರಿಯಾಪಾತ್ನು' ಅಂದರೆ ಹೋಗುತ್ತಿದ್ದೀರಿ, 'ಪಿರಿಯಾಪಾತ್ನ್ಯೆ' ಅಂದರೆ ಅಲ್ಲೇ ಇದ್ದೀರಿ.

'ಹುಣಸೂರಿಂದ' ಎನ್ನಲು ಷಷ್ಠಿ, ಮುಂದೆ 'ಇಜ಼್' ಎಂಬ ಪದ: 'ಇಜ಼್ ಖುನ್ಸೂರ'. ನಮ್ಮ 'ಇಂದ' ಎರಡು ಕೆಲಸ ಮಾಡುತ್ತದೆ. ಚಾಕುವಿನಿಂದ ಕೊಯ್ದೆ, ಊರಿಂದ ಬಂದೆ. ರಷ್ಯನ್ನಿನಲ್ಲಿ ಇವು ಬೇರೆ ಬೇರೆ ಮನೆ. ಚಾಕುವಿಗೆ (ನೋಶ್) ತೃತೀಯೆ ಬಂದು 'ನಝೋಮ್' ಆಗುತ್ತದೆ, ಮುಂದೆ ಯಾವ ಪದವೂ ಬೇಡ. ಊರಿಗೆ ಷಷ್ಠಿ. ಕನ್ನಡಕ್ಕೆ ಪಂಚಮಿ ಬೇರೆಯಾಗಿ ಬೇಕೇ ಎಂದು ವಿದ್ವಾಂಸರು ವಾದಿಸಿದ್ದಾರೆ, ಅದು ಸರಿಯೇ ಇರಬಹುದು. ಆದರೆ ಶಾಲೆಯಲ್ಲಿ 'ದೆಸೆಯಿಂದ' ಎಂದು ಗಿಳಿಪಾಠ ಮಾಡಿದ ಆ ಪಂಚಮಿ ಇಲ್ಲಿ ಕೈಹಿಡಿಯುತ್ತದೆ. 'ಇಂದ' ಬಾಯಿಗೆ ಬಂದಾಗಲೆಲ್ಲ ಇದು ತೃತೀಯೆಯೋ ಪಂಚಮಿಯೋ ಎಂದು ಕೇಳಿಕೊಳ್ಳಿ.

ಜೋಡಿಗಳನ್ನು ಹೀಗೆ ಕಟ್ಟಿಕೊಳ್ಳಿ. ಊರಿಗೆ, ಮನೆಯೊಳಗೆ ಹೋದರೆ 'ವ್', ಅಲ್ಲಿಂದ ಬಂದರೆ 'ಇಜ಼್'. ಮಾರುಕಟ್ಟೆ, ರೈಲು ನಿಲ್ದಾಣದಂಥ ಕೆಲವು ಜಾಗಗಳಿಗೆ 'ನ', ಅಲ್ಲಿಂದ ಬಂದರೆ 'ಸ್'. ಮನುಷ್ಯರ ಬಳಿ ಹೋದರೆ 'ಕ್', ಅವರ ಬಳಿಯಿಂದ ಬಂದರೆ 'ಅತ್'. ಈ 'ಕ್' ಬಂದಾಗ ಮಾತ್ರ ನಮ್ಮ ಚತುರ್ಥಿ ನಿಜವಾಗುತ್ತದೆ: 'ಯಾ ಇದೂ ಕ್ ವ್ರಚೂ', ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ.

ತಂಬಾಕನ್ನು ಮಾರಿ, ರೈತನನ್ನು ನೋಡಿ

ತಂಬಾಕು ಬೆಳೆಯುವ ಈ ನಾಲ್ಕು ತಾಲ್ಲೂಕಿನವರಿಗೆ ಅಭ್ಯಾಸಕ್ಕೆ ಒಳ್ಳೆಯ ಪದ 'ತಬಾಕ್', ಅಂದರೆ ನಮ್ಮ ತಂಬಾಕು. ಸೋವಿಯತ್ ಕಾಲದಲ್ಲಿ ರೂಪಾಯಿ ವ್ಯವಹಾರದಲ್ಲಿ ಭಾರತದ ತಂಬಾಕು ಕೊಳ್ಳುತ್ತಿದ್ದ ದೊಡ್ಡ ಗಿರಾಕಿಗಳಲ್ಲಿ ಆ ದೇಶವೂ ಒಂದು. ತಂಬಾಕು ಹದಮಾಡುವ ಬ್ಯಾರನ್ ಇರುವ ಮನೆಯಲ್ಲಿ ಬೆಳೆದವರಿಗೆ ಈ ಪದ ಮರೆಯುವಂತಿಲ್ಲ.

'ಏತ ತಬಾಕ್': ಇದು ತಂಬಾಕು. ನಡುವೆ ಕ್ರಿಯಾಪದವಿಲ್ಲ, ಕನ್ನಡದ ಹಾಗೇ. 'ಫೆರ್ಮೆರ್ ಪ್ರದಯೋತ್ ತಬಾಕ್': ರೈತ ತಂಬಾಕು ಮಾರುತ್ತಾನೆ. ಇಲ್ಲಿ 'ತಬಾಕ್' ದ್ವಿತೀಯೆಯಲ್ಲಿದ್ದರೂ ರೂಪ ಬದಲಾಗಿಲ್ಲ. ಏಕೆ?

ಕನ್ನಡದಲ್ಲೇ ಉತ್ತರವಿದೆ. 'ತಂಬಾಕು ಮಾರಿದೆ', 'ನೀರು ಕುಡಿದೆ' ಎನ್ನುವಾಗ 'ಅನ್ನು' ಬಿಡುತ್ತೇವೆ. 'ರೈತ ನೋಡಿದೆ' ಎನ್ನಲಾಗದು, 'ರೈತನನ್ನು ನೋಡಿದೆ' ಅನ್ನಲೇಬೇಕು. ಜೀವವಿಲ್ಲದ್ದಕ್ಕೆ ಪ್ರತ್ಯಯ ಬಿಟ್ಟರೂ ನಡೆಯುತ್ತದೆ, ಮನುಷ್ಯನಿಗೆ ಬಿಟ್ಟರೆ ನೋಡಿದವರು ಯಾರು, ಕಂಡವರು ಯಾರು ಎಂಬುದೇ ಕಲಸಿಹೋಗುತ್ತದೆ. ರಷ್ಯನ್ ಪುಲ್ಲಿಂಗದಲ್ಲೂ ಇದೇ ನ್ಯಾಯ. ಜೀವವಿಲ್ಲದ ಪದದ ದ್ವಿತೀಯೆ ಪ್ರಥಮೆಯಂತೆಯೇ ಇರುತ್ತದೆ, ಜೀವವಿರುವ ಪದದ ದ್ವಿತೀಯೆ ಷಷ್ಠಿಯ ರೂಪ ತೊಡುತ್ತದೆ. 'ವ್ರಾಚ್' ಅಂದರೆ ಡಾಕ್ಟರು, ಡಾಕ್ಟರನ್ನು ನೋಡುತ್ತಿದ್ದೇನೆ ಎನ್ನಲು 'ಯಾ ವೀಝು ವ್ರಚಾ'. ಇಂಗ್ಲಿಷ್ ಪುಸ್ತಕಗಳು ಈ ನಿಯಮವನ್ನು ಪುಟಗಟ್ಟಲೆ ವಿವರಿಸುತ್ತವೆ. ಕನ್ನಡದ ಕಿವಿಗೆ ಅದು ಹುಟ್ಟಿನಿಂದಲೇ ಗೊತ್ತು. ಒಂದೇ ಎಚ್ಚರಿಕೆ: ನಾವು 'ಕಬಿನಿಯಲ್ಲಿ ಆನೆ ನೋಡಿದೆ' ಎಂದು 'ಅನ್ನು' ಬಿಟ್ಟುಬಿಡುತ್ತೇವೆ. ರಷ್ಯನ್ನಿಗೆ ಪ್ರಾಣಿಯೂ ಜೀವವೇ, ಹಾಗಾಗಿ ಆನೆ 'ಸ್ಲೋನ್' ಅಲ್ಲಿ 'ಸ್ಲನಾ' ಆಗಲೇಬೇಕು.

ಉಳಿದ ರೂಪಗಳನ್ನು ಒಮ್ಮೆ ಬಾಯಲ್ಲಿ ಆಡಿಸಿ. 'ನ್ಯೆತ್ ತಬಕಾ', ತಂಬಾಕು ಇಲ್ಲ. 'ಮಿ ತರ್ಗೂಯೆಮ್ ತಬಕೋಮ್', ನಾವು ತಂಬಾಕಿನ ವ್ಯಾಪಾರ ಮಾಡುತ್ತೇವೆ. 'ಮಿ ಗವರೀಮ್ ಅ ತಬಕ್ಯೇ', ತಂಬಾಕಿನ ಬಗ್ಗೆ ಮಾತಾಡುತ್ತೇವೆ. ಮೊದಲನೆಯದನ್ನು ಗಮನಿಸಿ. ಇಲ್ಲ ಎನ್ನುವ 'ನ್ಯೆತ್' ಬಂದರೆ ಇಲ್ಲದ ವಸ್ತು ಷಷ್ಠಿಗೆ ಬೀಳುತ್ತದೆ. ಕನ್ನಡದಲ್ಲಿ ಇದಕ್ಕೆ ಸಾಟಿ ಇಲ್ಲ, ಹೊಸದಾಗಿಯೇ ರೂಢಿ ಮಾಡಿಕೊಳ್ಳಬೇಕು.

'ನನಗೆ' ಮತ್ತು 'ನನ್ನ ಹತ್ತಿರ'

ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಕನ್ನಡದಲ್ಲಿ ಚಳಿ, ಇಷ್ಟ, ಬೇಕು, ವಯಸ್ಸು ಎಲ್ಲವೂ 'ನನಗೆ' ಬರುತ್ತವೆ. ರಷ್ಯನ್ನಿನಲ್ಲೂ 'ಮ್ನ್ಯೆ', ಅಂದರೆ ನನಗೆ. 'ಮ್ನ್ಯೆ ಖೋಲದ್ನ', ನನಗೆ ಚಳಿ. 'ಮ್ನ್ಯೆ ನಾದ', ನನಗೆ ಬೇಕು. 'ಮ್ನ್ಯೆ ನ್ರಾವಿತ್ಸ ಚಾಯ್', ನನಗೆ ಚಹಾ ಇಷ್ಟ. 'ಮ್ನ್ಯೆ ದ್ವಾತ್ಸತ್ ಲ್ಯೆತ್', ನನಗೆ 20 ವರ್ಷ. ಒಂದು ದ್ರಾವಿಡ ಭಾಷೆ, ಇನ್ನೊಂದು ಸಂಸ್ಕೃತದ ದೂರದ ನೆಂಟ. ಆದರೂ ಅನುಭವವನ್ನು ಹೇಳುವ ಬಗೆ ಒಂದೇ.

ಹಾಗೆಯೇ 'ನನ್ನ ಹತ್ತಿರ ಪುಸ್ತಕ ಇದೆ': 'ಉ ಮಿನ್ಯಾ ಯೆಸ್ತ್ ಕ್ನೀಗ'. 'ಉ' ಅಂದರೆ ಬಳಿ, ಅದರ ಜೊತೆ ಷಷ್ಠಿ. ನಮ್ಮ 'ಹತ್ತಿರ' ಎಂಬ ಮಾತೂ 'ನನ್ನ' ಎಂಬ ಷಷ್ಠಿಯನ್ನೇ ಕೇಳುತ್ತದಲ್ಲವೇ?

ವೈದ್ಯಕೀಯ ವಿದ್ಯಾರ್ಥಿಗಳು ಎಚ್ಚರವಾಗಿರಬೇಕಾದದ್ದು ನೋವಿನ ಮಾತಿನಲ್ಲಿ. 'ನನಗೆ ನೋವಾಗುತ್ತಿದೆ' ಎನ್ನಲು 'ಮ್ನ್ಯೆ ಬೋಲ್ನ' ಸರಿ. ಆದರೆ 'ನನಗೆ ತಲೆನೋವು' ಎಂದು ಅಂಗದ ಹೆಸರು ಬಂದ ಕೂಡಲೇ 'ಮ್ನ್ಯೆ' ಬಿಟ್ಟು 'ಉ ಮಿನ್ಯಾ' ಹಿಡಿಯಬೇಕು: 'ಉ ಮಿನ್ಯಾ ಬಲೀತ್ ಗಲವಾ'. ಜ್ವರ ಇಲ್ಲ ಎನ್ನಲು 'ಉ ಮಿನ್ಯಾ ನ್ಯೆತ್ ತೆಂಪಿರತೂರಿ'. ರೋಗಿಯ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳುವ ಮಾತುಗಳಿವು.

ಆಗುವುದು, ಜೊತೆಗಿರುವುದು, ಎಣಿಸುವುದು

ಡಾಕ್ಟರ್ ಆಗಬೇಕು ಎನ್ನಲು 'ಯಾ ಖಚೂ ಸ್ತಾತ್ ವ್ರಚೋಮ್'. ನಾವು 'ಮೇಷ್ಟ್ರಾಗಿ ಕೆಲಸ ಮಾಡುತ್ತಾರೆ' ಎನ್ನುವಾಗ ಬರುವ 'ಆಗಿ'ಯ ಜಾಗದಲ್ಲಿ ರಷ್ಯನ್ನರು ತೃತೀಯೆ ಹಾಕುತ್ತಾರೆ. ಜೊತೆ ಎನ್ನಲೂ ತೃತೀಯೆಯೇ, ಮುಂದೆ 'ಸ್' ಸೇರಿಸಿ: 'ಚಾಯ್ ಸ್ ಮಲಕೋಮ್', ಹಾಲು ಹಾಕಿದ ಚಹಾ.

ಎಣಿಕೆ ಮಾತ್ರ ಪ್ರಾರಂಭದಲ್ಲಿ ಕಾಡುತ್ತದೆ. ಒಂದು ರೂಪಾಯಿ, ಎರಡು ರೂಪಾಯಿ, ಐದು ರೂಪಾಯಿ ಎಂದು ನಾವು ಪದವನ್ನು ಮುಟ್ಟುವುದೇ ಇಲ್ಲ. ಅಲ್ಲಿ 'ಅದೀನ್ ರೂಬ್ಲ್', 'ದ್ವಾ ರುಬ್ಲ್ಯಾ', 'ಪ್ಯಾತ್ ರುಬ್ಲ್ಯೇಯ್'. ಎರಡು, ಮೂರು, ನಾಲ್ಕಕ್ಕೆ ಷಷ್ಠಿ ಏಕವಚನ, ಐದರಿಂದ ಇಪ್ಪತ್ತರವರೆಗೆ ಷಷ್ಠಿ ಬಹುವಚನ. ಇಪ್ಪತ್ತೊಂದಕ್ಕೆ ಮತ್ತೆ 'ರೂಬ್ಲ್'. ಅಂಗಡಿಯಲ್ಲಿ ಚಿಲ್ಲರೆ ಎಣಿಸುತ್ತಾ ಇದನ್ನು ಕಲಿಯಬೇಕು, ಪುಸ್ತಕದಿಂದ ಬರುವುದು ಕಷ್ಟ.

ಕೆಲವನ್ನು ಮುಂದೂಡಿ

ಬಹುವಚನದ ವಿಭಕ್ತಿಯನ್ನು ಮೊದಲ ಎರಡು ತಿಂಗಳು ಮುಟ್ಟಬೇಡಿ ಎಂದೇ ನನ್ನ ಸಲಹೆ. 'ಮನೆಗಳಲ್ಲಿ' ಎಂಬುದನ್ನು ಮನೆ, ಗಳು, ಅಲ್ಲಿ ಎಂದು ಬಿಡಿಸಬಹುದು. ರಷ್ಯನ್ನಿನ 'ವ್ ದಮಾಖ್' ಎಂಬಲ್ಲಿ ಆ 'ಆಖ್' ಬಹುವಚನವೂ ಹೌದು, ಸಪ್ತಮಿಯೂ ಹೌದು, ಬಿಡಿಸಲು ಬಾರದು. ವಿಶೇಷಣವೂ ಹಾಗೇ. ಹೊಸ ಮನೆ, ಹೊಸ ಮನೆಯಲ್ಲಿ ಎನ್ನುವಾಗ ನಮ್ಮ 'ಹೊಸ' ಅಲುಗುವುದಿಲ್ಲ, ಅಲ್ಲಿ 'ನೋವಿಯ್ ದೋಮ್' ಇದ್ದದ್ದು 'ವ್ ನೋವಮ್ ದೋಮ್ಯೆ' ಆಗುತ್ತದೆ. ನಾಮಪದದ ಏಕವಚನ ಗಟ್ಟಿಯಾದ ಮೇಲೆ ಇವಕ್ಕೆ ಬನ್ನಿ.

ಕಲಿಯುವ ಕ್ರಮವೂ ಪುಸ್ತಕದ ಕ್ರಮವಾಗಿರಬೇಕಿಲ್ಲ. ಸಪ್ತಮಿ ಮತ್ತು ದ್ವಿತೀಯೆ ಮೊದಲು, ಷಷ್ಠಿ ಆಮೇಲೆ, ಕೊನೆಗೆ ಚತುರ್ಥಿ ಮತ್ತು ತೃತೀಯೆ. ದಿನಕ್ಕೆ ಒಂದು ನಾಮಪದ ಸಾಕು, ಆದರೆ ಅದನ್ನು ಆರೂ ರೂಪದಲ್ಲಿ ಪೂರ್ತಿ ವಾಕ್ಯವಾಗಿ, ಜೋರಾಗಿ ಹೇಳಬೇಕು.

ಇವತ್ತಿಗೆ ಈ ಐದು ವಾಕ್ಯಗಳಿಂದ ಶುರುಮಾಡಿ. ಅಪ್ಪ ಹುಣಸೂರಲ್ಲಿ ಇದ್ದಾರೆ. ನಾಳೆ ಪಿರಿಯಾಪಟ್ಟಣಕ್ಕೆ ಹೋಗುತ್ತಾರೆ. ಅವರಿಗೆ 50 ವರ್ಷ. ಅವರ ಹತ್ತಿರ ಕಾರಿಲ್ಲ. ಬಸ್ಸಲ್ಲಿ ಹೋಗುತ್ತಾರೆ. ಪ್ರತಿಯೊಂದಕ್ಕೂ ಯಾವ ವಿಭಕ್ತಿ ಬರುತ್ತದೆ ಎಂದು ಕಾಗದದ ಮೇಲೆ ಬರೆದುಕೊಂಡ ಮೇಲೆ ಉತ್ತರ ನೋಡಿ: 'ಪಾಪ ವ್ ಖುನ್ಸೂರ್ಯೆ' (ಸಪ್ತಮಿ). 'ಜ಼ಾಫ್ತ್ರ ಓನ್ ಯೇದಿತ್ ವ್ ಪಿರಿಯಾಪಾತ್ನು' (ದ್ವಿತೀಯೆ). 'ಇಮೂ ಪಿದಿಸ್ಯಾತ್ ಲ್ಯೆತ್' (ಅವರಿಗೆ ಎಂಬಲ್ಲಿ ಚತುರ್ಥಿ). 'ಉ ನಿವೋ ನ್ಯೆತ್ ಮಶೀನಿ' (ಅವರೂ ಷಷ್ಠಿ, ಇಲ್ಲದ ಕಾರೂ ಷಷ್ಠಿ). 'ಓನ್ ಯೇದಿತ್ ನ ಅಫ್ತೋಬುಸ್ಯೆ' (ನಮ್ಮ ಬಸ್ಸಲ್ಲಿಯಂತೆಯೇ ಸಪ್ತಮಿ).