ರಾಜಮುಡಿ ಮತ್ತು ಅಲಮೇಲಮ್ಮನ ಆಭರಣ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ರಾಜರತ್ನಗಳ ಕಥೆ ಹೊಸದಲ್ಲ. ಗೋಲ್ಕೊಂಡದ ಹೆಸರಿನಿಂದ ಲೋಕವಿಖ್ಯಾತವಾದ ವಜ್ರಗಳು ಕೃಷ್ಣಾತೀರದ ಕೊಲ್ಲೂರು ಮೊದಲಾದ ಗಣಿಗಳಲ್ಲಿ ದೊರೆತು ಇಲ್ಲಿಯ ಪೇಟೆಗೆ ಬಂದಂಥವು. ನಿಜಾಮರ ಆಭರಣಗಳಲ್ಲಿ 173ನ್ನು ಭಾರತ ಸರ್ಕಾರವು 1995ರಲ್ಲಿ 218 ಕೋಟಿ ರೂಪಾಯಿಗಳಿಗೆ ಕೊಂಡುಕೊಂಡಿತು. 2001ರಲ್ಲಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಆ ರಾಶಿಯಲ್ಲಿ ಎಲ್ಲರ ಕಣ್ಣು ಸೆಳೆಯುವ 184.75 ಕ್ಯಾರೆಟ್ಟಿನ ಜೇಕಬ್ ವಜ್ರ ಮಾತ್ರ ಗೋಲ್ಕೊಂಡದ್ದಲ್ಲ, ದಕ್ಷಿಣ ಆಫ್ರಿಕದ್ದು! ಏಳನೆಯ ನಿಜಾಮರು ಅದನ್ನು ಕಾಗದ ಹಾರದಂತೆ ಮೇಲಿಡುವ ಭಾರವಾಗಿ ಬಳಸಿದರೆಂಬುದು ಪ್ರಸಿದ್ಧ. ಇಂದು ಈ ಒಡವೆಗಳನ್ನು ತೊಡುವವರಿಲ್ಲ.

ಅರಸರ ಹೆಸರನ್ನು ಹೊತ್ತಿದ್ದರೂ ಇಂದಿಗೂ ಮುಡಿಯೇರುವ ಕಿರೀಟಗಳು ಕನ್ನಡನಾಡಿನ ಮೇಲುಕೋಟೆಯಲ್ಲಿವೆ. ಅಲ್ಲಿಯ ಚೆಲುವನಾರಾಯಣಸ್ವಾಮಿಗೆ ಮೂರು ಮುಡಿಗಳು: ವೈರಮುಡಿ, ರಾಜಮುಡಿ, ಕೃಷ್ಣರಾಜಮುಡಿ. ವೈರವೆಂದರೆ ತಮಿಳಿನಲ್ಲಿ ವಜ್ರ. ವೈರಮುಡಿಯ ಮೂಲವನ್ನು ಪುರಾಣವೇ ಹೇಳಬೇಕು. ಕ್ಷೀರಸಾಗರಶಾಯಿಯ ಕಿರೀಟವನ್ನು ಪ್ರಹ್ಲಾದನ ಮಗ ವಿರೋಚನನು ಅಪಹರಿಸಿದನೆಂದೂ ಗರುಡನು ಅದನ್ನು ಗೆದ್ದು ತಂದನೆಂದೂ ಸ್ಥಳಪುರಾಣದ ನಿರೂಪಣೆ. ಬರಿಗಣ್ಣಿನಿಂದ ಅದನ್ನು ನೋಡಲಾಗದೆಂಬ ನಂಬಿಕೆಯಿಂದ, ಅರ್ಚಕರು ಕಣ್ಣಿಗೆ ವಸ್ತ್ರ ಕಟ್ಟಿಕೊಂಡು ಸ್ವಾಮಿಗೆ ಮುಡಿಸುವ ಸಂಪ್ರದಾಯವಿದೆ. ಫಾಲ್ಗುಣದ ಉತ್ಸವಕ್ಕೆ ವೈರಮುಡಿ, ರಾಜಮುಡಿಗಳೆರಡೂ ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯುದ್ದಕ್ಕೂ ಊರೂರ ಜನರ ಪೂಜೆ ಪಡೆಯುತ್ತ ಮೇಲುಕೋಟೆಯನ್ನು ಸೇರುತ್ತವೆ. ಅಂದಿನ ರಾತ್ರಿ ಗರುಡವಾಹನದ ಮೇಲೆ ಬೆಳಗುವ ಆ ಮುಡಿಯನ್ನು ಕಾಣಲು ನೆರೆಯುವ ಜನಸಾಗರದಲ್ಲಿ ಯಾರಿಗೂ ಅದರ ಬೆಲೆಯ ಚಿಂತೆಯಿಲ್ಲ.

ರಾಜಮುಡಿಯ ಮೂಲ ಚರಿತ್ರೆಗೆ ಸೇರಿದ್ದು. (ಆ ಹೆಸರು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಅಕ್ಕಿಯೇ ನೆನಪಾಗುವುದುಂಟು, ಅದು ಬೇರೆಯ ಮಾತು.) ಅದನ್ನು ಸಮರ್ಪಿಸಿದವರು 1578ರಿಂದ 1617ರವರೆಗೆ ಆಳಿದ ಮೈಸೂರಿನ ರಾಜ ಒಡೆಯರು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು, ಅಲ್ಲಿಯೇ ದಸರೆಯ ಉತ್ಸವವನ್ನು ಆರಂಭಿಸಿದವರೂ ಅವರೇ. ಮೇಲುಕೋಟೆಯ ದೇವಾಲಯದ ಕಂಬವೊಂದರಲ್ಲಿ ಅವರ ಶಿಲ್ಪವಿದೆ. ಕೊನೆಗೆ ಅವರು ಗರ್ಭಗುಡಿಯನ್ನು ಹೊಕ್ಕವರು ಮರಳಿ ಕಾಣಿಸಲಿಲ್ಲವೆಂಬ ಐತಿಹ್ಯವೂ ಉಂಟು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ಇದೇ ಜಾಡಿನಲ್ಲಿ ಕೃಷ್ಣರಾಜಮುಡಿಯನ್ನು ಅರ್ಪಿಸಿದರು.

ಆದರೆ ದೇವರಿಗೆ ಕಿರೀಟವನ್ನಿತ್ತ ಈ ಕೈಗಳಿಗೆ ಇನ್ನೊಂದು ಒಡವೆಯ ಕಥೆಯೂ ಅಂಟಿಕೊಂಡಿದೆ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಪತ್ನಿ ಅಲಮೇಲಮ್ಮ. ಆಕೆಯಲ್ಲಿದ್ದ ಆಭರಣಗಳು ಮಂಗಳವಾರ, ಶುಕ್ರವಾರಗಳಂದು ರಂಗನಾಯಕಿ ದೇವಿಯನ್ನು ಅಲಂಕರಿಸುತ್ತಿದ್ದವು. ಪಟ್ಟಣ ಕೈಬದಲಾದ ಮೇಲೆ ಅವುಗಳನ್ನು ತರಲು ರಾಜ ಒಡೆಯರು ಆಳುಗಳನ್ನು ಕಳುಹಿಸಿದರಂತೆ. ಆಕೆ ಮುತ್ತಿನ ಮೂಗುತಿಯನ್ನು ಕೊಟ್ಟು, ಉಳಿದವುಗಳೊಡನೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂದೂ, ತಲಕಾಡು ಮರಳಿನಲ್ಲಿ ಮುಳುಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರ ದೊರೆಗಳಿಗೆ ಮಕ್ಕಳಿಲ್ಲದಿರಲೆಂದೂ ಶಪಿಸಿದಳೆಂದೂ ಜನ ಹೇಳುತ್ತಾರೆ. ತಲಕಾಡಿನ ಮರಳಿಗೆ ನದಿಯ ಪಾತ್ರವನ್ನೂ ಗಾಳಿಯನ್ನೂ ಕಾರಣವಾಗಿ ತೋರಿಸಬಹುದು. ಅರಮನೆಯ ಮನೆತನದಲ್ಲಿ ಮತ್ತೆ ಮತ್ತೆ ದತ್ತು ಸ್ವೀಕಾರ ನಡೆದದ್ದಂತೂ ದಾಖಲೆಯಲ್ಲಿರುವ ವಿಷಯ.

ಆ ಒಡವೆಗಳನ್ನು ಕೇಳಿದ್ದು ಸಹ ದೇವಿಯ ಅಲಂಕಾರಕ್ಕಾಗಿಯೇ ಎಂಬುದನ್ನು ಮರೆಯಲಾಗದು. ರಾಜಮುಡಿಗೂ ರಂಗನಾಯಕಿಯ ಒಡವೆಗೂ ಇರುವ ಅಂತರ, ತನ್ನದನ್ನು ಕೊಡುವುದಕ್ಕೂ ಮತ್ತೊಬ್ಬರ ಕೈಯಿಂದ ತಂದು ಕೊಡಿಸುವುದಕ್ಕೂ ಇರುವ ಅಂತರ. ಈ ಋಣವನ್ನು ಮೈಸೂರ ಮನೆತನವು ಮುಚ್ಚಿಡಲಿಲ್ಲವೆಂಬುದು ಅದರ ಹಿರಿಮೆ. ನವರಾತ್ರಿಯಲ್ಲಿ ರತ್ನಖಚಿತ ಸಿಂಹಾಸನವನ್ನು ಜೋಡಿಸುವ ಅದೇ ಅರಮನೆಯಲ್ಲಿ ಅಲಮೇಲಮ್ಮನ ಪ್ರತಿಮೆಗೂ ಪೂಜೆ ಸಲ್ಲುತ್ತದೆ.